ಎಲ್ಲಾ ಆರಾಮ ಅದೀವಿ ಅನ್ನೋ ಸುಳ್ಳು

ಎದುರು ಮನಿ ವೈನಿ ಹೋದ ವಾರ ಬಚ್ಚಲದಾಗ ಜಾರಿ ಬಿದ್ದರು. ತೊಡಿ ಎಲವು ಮುರದು ಆಪರೇಷನ್ ಆತು. ನಾ ಒಂದು ಡಬ್ಬಿಯೊಳಗ ಸಜ್ಜಕ ಹಾಕ್ಕೊಂಡು ದವಾಖಾನಿಗೆ ನೋಡಲಿಕ್ಕೆ ಹೋದೆ. ‘ಹೆಂಗದೀರಿ’ ಅಂತ ಕೇಳೂದರೊಳಗ ಅವರು ನನ್ನ ಕೈ ಹಿಡದು ಹೇಳಿದ್ದು ಇದು: ‘ಡಬ್ಲಿನ್‌ಗೆ ಗೊತ್ತಾಗಬಾರದು ನೋಡ್ರಿ. ಅಕಿ ನಿಮಗ ಫೋನ್ ಮಾಡಿದರ, ಅಮ್ಮ ಮಂತ್ರಾಲಯಕ್ಕ ಹೋಗ್ಯಾಳ ಅನ್ರಿ. ಪರೀಕ್ಷಾ ಮುಗೀಲಿ, ಆಮ್ಯಾಲೆ ನಾನ ಹೇಳತೇನಿ.’

ನಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬ್ಯಾನಿಯೊಳಗ ಇದ್ದವರ ಜೋಡಿ ವಾದ ಮಾಡಬಾರದು. ಆದರ ಮನಿಗೆ ಬಂದ ಮ್ಯಾಲೆ ಕುಕ್ಕರ್ ಇಟ್ಟು ಅಕ್ಕಿ ಹಾಕೂದ ಮರತೆ. ಯಾಕಂದ್ರ ಈ ‘ಪರೀಕ್ಷಾ ಮುಗೀಲಿ’ ಅನ್ನೋ ಮಾತು ನಮ್ಮ ಮನಿಯೊಳಗೂ ಒಮ್ಮೆ ಆಡಿದ್ದದ. ಅದರ ಕಥಿ ಈಗ ಹೇಳಿಬಿಡತೇನಿ. ವೈನಿಯನ್ನ ಕೇಳೇ ಬರೀಲಿಕ್ಕತ್ತೇನಿ, ನನ್ನ ಮ್ಯಾಲೆ ಯಾರೂ ಸಿಟ್ಟಾಗಬ್ಯಾಡ್ರಿ.

ನನ್ನ ಮಗ 2024ರ ಸೆಪ್ಟೆಂಬರ್ ಕಡಿಗೆ ಜರ್ಮನಿಗೆ ಹ್ವಾದ. ಕೆಮ್ನಿಟ್ಜ್ ಅಂತ ಊರು. ಮೊದಲ ಪೂರ್ವ ಜರ್ಮನಿಯೊಳಗ ಇತ್ತಂತ, 1990ರ ತನಕ ಅದಕ್ಕ ಕಾರ್ಲ್ ಮಾರ್ಕ್ಸ್ ಹೆಸರ ಇಟ್ಟಿದ್ದರಂತ. ಈಗೂ ಪ್ಯಾಟಿಯೊಳಗ ಆ ಮಾರ್ಕ್ಸನ ಬರೇ ತಲಿ ಅದ, ಏಳು ಮೀಟರ್ ಎತ್ತರದ್ದು. ಮುಂಡ ಇಲ್ಲ. ಅದರ ಮುಂದ ನಿಂತು ಫೋಟೋ ಕಳಿಸಿದಾಗ ನಮ್ಮ ಮಾವನವರು ‘ಇದ್ಯಾವ ರಾಕ್ಷಸನೋ’ ಅಂದು ಭಾಳ ನಕ್ಕಿದ್ದರು.

ಅಲ್ಲಿ ಸರಕಾರಿ ಯುನಿವರ್ಸಿಟಿಗಳೊಳಗ ಬಹುತೇಕ ಕಡೆ ಫೀ ಇಲ್ಲ ಅಂತ ಎಲ್ಲಾರೂ ಹೇಳತಾರ, ಅದು ಖರೇ. ಆದರ ವೀಸಾಕ್ಕ ಮೊದಲ ಒಂದು ವರ್ಷದ ಊಟಾ-ಬಾಡಿಗಿ ರೊಕ್ಕ ಅಲ್ಲಿನ ಖಾತೆದಾಗ ಕಟ್ಟಿಡಬೇಕು. ಆವಾಗ 11,904 ಯುರೋ ಆಗಿತ್ತು. ನಮ್ಮ ಲೆಕ್ಕಕ್ಕ ಹತ್ತತ್ರ 11 ಲಕ್ಷ. ಅದನ್ನೂ ಅವರು ಒಮ್ಮೆಲೆ ಕೊಡಂಗಿಲ್ಲ, ತಿಂಗಳಾ 992 ಯುರೋ ಬಿಡತಾರ. ಸಾಲಾ ತಗದು ಕಟ್ಟಿದ್ವಿ. ಸಾಲಾ ತಗದು ಕಳಿಸಿದ ಮ್ಯಾಲೆ ಪರೀಕ್ಷಾ ಅಂದ್ರ ನಮಗ ದೇವರ ಪೂಜಿ ಇದ್ದಂಗ. ಅದಕ್ಕ ಏನೂ ಅಡ್ಡಿ ಬರಬಾರದು ಅಂತ ಅನಸತದ, ಅದು ಸಹಜ.

ಹೋಗೂಮುಂದ ನಾ ಎರಡು ಕಿಲೋ ಪೇಢೆ, ಒಂದು ಡಬ್ಬಿ ತುಪ್ಪ ಕಟ್ಟಿದ್ದೆ. ಅಂವ ಎರಡನ್ನೂ ತಗದು ಕಟ್ಟಿಮ್ಯಾಲೆ ಇಟ್ಟ. ‘ಅಮ್ಮಾ, ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಳಗ ಒಯ್ಯಂಗಿಲ್ಲ. ಶೇಂಗಾ ಚಟ್ನಿ, ಮೆಂತೆ ಹಿಟ್ಟು, ಗುರೆಳ್ಳ ಪುಡಿ ಹಾಕು, ಸಾಕು.’ ಧಾರವಾಡದ ಹುಡುಗ ಪೇಢೆ ಬಿಟ್ಟು ಹ್ವಾದ ಅಂತ ನಾ ಎರಡು ದಿವಸ ಅತ್ತೆ. ಈಗ ವಿಚಾರ ಮಾಡಿದರ ಅನಸತದ, ಒಂದು ದೇಶದ ಕಾಯದೆ ತಾನ ಓದಿ ತಿಳಕೊಳ್ಳೋವಷ್ಟು ದೊಡ್ಡಾಂವ ಆಗಿದ್ದ. ನಾವು ಅಂವನ್ನ ಹಂಗ ನೋಡಲಿಲ್ಲ.

ಭಾನುವಾರ ಅಲ್ಲಿ ಅಂಗಡಿ ಎಲ್ಲಾ ಬಂದ್. ಹಾಲು ತೀರಿದ್ದರ ಸೋಮವಾರದ ತನಕ ಕರೀ ಚಾ. ಮನಿಯೊಳಗ ನಾಕು ಮಂದಿ ಹುಡುಗರಿಗೆ ಒಂದ ಅಡಗಿಮನಿ, ಫ್ರಿಜ್‌ನೊಳಗ ಒಬ್ಬೊಬ್ಬರಿಗೆ ಒಂದೊಂದು ಅಟ್ಟ. ಅದಕ್ಕ ಭಾನುವಾರ ಅಂವಗ ಅಡಗಿ ಮಾಡೋ ದಿವಸ, ನಮಗ ಫೋನಿನ ದಿವಸ. ಅಲ್ಲಿ ಮಧ್ಯಾಹ್ನ ಎರಡೂವರಿ, ನಮಗ ಸಂಜಿ ಏಳು. ಚಳಿಗಾಲದಾಗ ನಾಕೂವರಿ ತಾಸು ಫರಕು, ಬ್ಯಾಸಗಿಯೊಳಗ ಅವರು ಗಡಿಯಾರ ಮುಂದ ಮಾಡಿಕೊಂಡಾಗ ಮೂರೂವರಿ. ಮಾವನವರು ಆರೂಮುಕ್ಕಾಲಕ್ಕ ಟೊಪ್ಪಿಗಿ ಹಾಕ್ಕೊಂಡು ಕುರ್ಚಿಮ್ಯಾಲೆ ತಯಾರ. ‘ಏನ್ ಅಡಗಿ ಮಾಡೀಪಾ’ ಅಂತ ಅವರ ಕೇಳಬೇಕು, ಅಂವ ಬೋಗಾಣಿ ಎತ್ತಿ ತೋರಸಬೇಕು.

2025ರ ಜನವರಿ 20, ಸೋಮವಾರ ಬೆಳಗಿನ ಐದಕ್ಕ ಮಾವನವರು ಹೋದರು. ನಿದ್ದಿಯೊಳಗ. ಜರ್ಮನಿಯೊಳಗ ಆವಾಗ ರಾತ್ರಿ ಹನ್ನೆರಡೂವರಿ. ಅಂವ ಎಚ್ಚರನ ಇದ್ದ, ವಾಟ್ಸಾಪ್‌ನ್ಯಾಗ ಹನ್ನೆರಡೂ ನಲವತ್ತಕ್ಕ ನೋಡಿದ್ದು ತೋರಸತಿತ್ತು. ನಾ ಫೋನ್ ಕೈಯಾಗ ಹಿಡಕೊಂಡಿದ್ದೆ. ನಮ್ಮನಿಯವರು ಬ್ಯಾಡ ಅಂದರು. ನಾದಿನಿ ಬ್ಯಾಡ ಅಂದರು. ಫೆಬ್ರುವರಿಯೊಳಗ ಪರೀಕ್ಷಾ ಅವ, ಟಿಕೀಟಿಗೆ ರೊಕ್ಕ ಎಲ್ಲೆ, ಬರತೇನಿ ಅಂತ ಹಟಾ ಹಿಡದರ ಏನ್ ಮಾಡೂದು. ಮಣ್ಣಿಗಂತೂ ಮುಟ್ಟೂದು ಆಗಂಗಿಲ್ಲ. ರೈಲಿನ್ಯಾಗ ಫ್ರಾಂಕ್‌ಫರ್ಟ್‌ಗೆ ಬಂದು, ವಿಮಾನದಾಗ ಬೆಂಗಳೂರಿಗೆ, ಅಲ್ಲಿಂದ ಧಾರವಾಡಕ್ಕ ಅಂದ್ರ ಎರಡು ದಿವಸದ ದಾರಿ. ಇನ್ನ ವೀಸಾ ಮುಗದು ಅಲ್ಲಿನ ಕಾರ್ಡ್ ಕೈಗೆ ಬರೋ ನಡುವ ಹೊರಗ ಬಂದರ ಮತ್ತ ಒಳಗ ಹೋಗೂದು ತ್ರಾಸ ಅಂತ ಯಾರೋ ಹೇಳಿದ್ದರು, ಅದೊಂದು ಹೆದರಿಕಿ. ಎಲ್ಲಾ ಮಾತೂ ಬರೋಬ್ಬರಿನ ಇದ್ದವು. ನಾ ಫೋನ್ ಇಟ್ಟೆ.

ಆಮ್ಯಾಲೆ ಸುಳ್ಳಿನ ಸಂಸಾರ ಶುರು ಆತು. ಮನಿಮಂದಿದು ಒಂದು ಗುಂಪು ಇತ್ತಲ್ಲ ಫೋನಿನ್ಯಾಗ, ಅದರೊಳಗ ಅಂವ ಇದ್ದ. ಅಂವನ್ನ ಬಿಟ್ಟು ಇನ್ನೊಂದು ಗುಂಪು ಮಾಡಿದ್ವಿ. ಹಳೇ ಗುಂಪಿನ್ಯಾಗ ದಿನಾ ಶುಭೋದಯ, ಹೊಸಾದರಾಗ ಹತ್ತನೇ ದಿವಸದ ಸಾಮಾನಿನ ಯಾದಿ. ಭಾನುವಾರ ಫೋನ್ ಬಂದಾಗ ನಾ ಗ್ವಾಡಿ ಕಡೆ ಮಾರಿ ಮಾಡಿ ಕೂತೆ, ಮಾವನವರ ಖಾಲಿ ಕುರ್ಚಿ ಕಾಣಬಾರದಂತ. ‘ಅಜ್ಜ ಎಲ್ಲೆ?’ ಮಲಗ್ಯಾರಪಾ. ‘ಏಳಕ್ಕ?’ ಇವತ್ತ ಯಾಕೋ ದಣದಾರ. ಮುಂದಿನ ಭಾನುವಾರ ಗುಡಿಗೆ ಹೋಗ್ಯಾರ. ಅಂವ ಸುಮ್ಮನಾದ. ಆಮ್ಯಾಲೆ ಹೇಳಿದ, ಅವತ್ತ ಅಂವಗ ಅರ್ಧಾ ತಿಳಿದಿತ್ತಂತ. ಮೊಣಕಾಲ ಬ್ಯಾನಿ ಇದ್ದ ಅಜ್ಜ ಸಂಜಿ ಏಳಕ್ಕ ಯಾವ ಗುಡಿಗೆ ಹೋಗತಾರ?

ಹದಿಮೂರನೇ ದಿವಸಕ್ಕ ಅಂವ ಯಾರೋ ಗೆಳೆಯಾನ ಹುಟ್ಟಿದ ಹಬ್ಬದ ಫೋಟೋ ಹಾಕಿದ. ಕೇಕ್ ಬಾಯಾಗ, ನಗು. ಅದನ್ನ ನೋಡಿ ನಮ್ಮವರ ಒಬ್ಬರು ಹೊಸಾ ಗುಂಪಿನ್ಯಾಗ ಬರದರು, ‘ಅಜ್ಜ ಹೋಗಿ ಹದಿಮೂರು ದಿವಸ ಆಗಿಲ್ಲ, ಇಂವ ಕೇಕ್ ತಿನ್ನಲಿಕ್ಕತ್ತಾನ.’ ಮುಚ್ಚಿಟ್ಟಾವರು ನಾವು, ಸೂತಕ ಮುರದ ದೋಷ ಅಂವಗ! ಅವತ್ತ ನನಗ ಮೊದಲನೇ ಸಲ ನಾಚಿಕಿ ಬಂತು.

ಸುದ್ದಿ ಎಷ್ಟು ದಿವಸ ನಿಲ್ಲತದ? ಹುಬ್ಬಳ್ಳಿಯಾಗ ನಮ್ಮ ಪರಿಚಯದವರು ಒಬ್ಬರು ಮ್ಯಾಗ್ಡೆಬರ್ಗ್‌ನ್ಯಾಗ ಓದೋ ತಮ್ಮ ಮಗಗ ಹೇಳಿದರು, ಆ ಹುಡುಗ ನಮ್ಮಂವಗ ಸಮಾಧಾನ ಹೇಳಲಿಕ್ಕೆ ಫೋನ್ ಮಾಡಿದ. ಹತ್ತೊಂಬತ್ತನೇ ದಿವಸ, ಶನಿವಾರ. ಅಲ್ಲಿ ನೀರು-ಸೋಡಾದ ಪ್ಲಾಸ್ಟಿಕ್ ಬಾಟಲಿ ತೊಗೊಂಡಾಗ 25 ಸೆಂಟ್ ಹೆಚ್ಚಿಗಿ ಕೊಡಬೇಕು, ಖಾಲಿ ಬಾಟಲಿ ಅಂಗಡ್ಯಾಗಿನ ಮಷಿನ್‌ಗೆ ಹಾಕಿದರ ರೊಕ್ಕ ತಿರುಗಿ ಬರತದ. ಅಂವ ಚೀಲ ತುಂಬ ಬಾಟಲಿ ಹಿಡಕೊಂಡು ಆ ಮಷಿನ್ ಮುಂದ ಪಾಳೆದಾಗ ನಿಂತಿದ್ದ. ‘ನಿಮ್ಮ ಅಜ್ಜಾರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು’ ಅಂದನಂತ ಆ ಹುಡುಗ. ನಮ್ಮಂವ ‘ಹೌದು, ಥ್ಯಾಂಕ್ಸ್’ ಅಂದನಂತ, ಗೊತ್ತಿದ್ದಂಗ. ಮನಿಯವರ ಮರ್ಯಾದಿ ಉಳಿಸಿದ ನೋಡ್ರಿ. ಬಾಟಲಿ ಎಲ್ಲಾ ಹಾಕಿ, ಚೀಟಿ ತೊಗೊಂಡು ಹೊರಗ ಬಂದು, ಬಸ್‌ಸ್ಟಾಪಿನ್ಯಾಗ ಕೂತು ಅತ್ತನಂತ. ಎರಡು ದಿವಸಕ್ಕ ಪರೀಕ್ಷಾ ಇತ್ತು. ಬರದ, ಫೇಲ್ ಆದ. ಯಾವ ಪರೀಕ್ಷಾ ಸಲುವಾಗಿ ಹತ್ತೊಂಬತ್ತು ದಿವಸ ಸುಳ್ಳು ಹೇಳಿದ್ವೋ, ಅದೂ ಹ್ವಾತು.

ನಾಕು ದಿವಸ ಫೋನ್ ಎತ್ತಲಿಲ್ಲ. ಆಮ್ಯಾಲೆ ಎತ್ತಿದ, ಬೈಲಿಲ್ಲ. ಒಂದ ಮಾತು ಕೇಳಿದ, ‘ಅವತ್ತ ನೀವು ಫೋನ್ ಹಿಡದು ಅಜ್ಜನ ಮಾರಿ ತೋರಿಸಿದ್ದರ ನಾ ಬರತೇನಿ ಅಂತಿದ್ದೆನೋ ಇಲ್ಲೋ, ಅದನ್ನ ನಾನ ಹೇಳತಿದ್ದೆನಲ್ಲ ಅಮ್ಮಾ?’

ಪರೀಕ್ಷಾ ವಿಚಾರನೂ ಹೇಳತೇನಿ, ಯಾಕಂದ್ರ ನಮಗ ಆವಾಗ ಇದು ಗೊತ್ತಿರಲಿಲ್ಲ. ಅಲ್ಲಿ ಸಾಮಾನ್ಯವಾಗಿ ಒಂದೊಂದು ವಿಷಯಕ್ಕ ಎರಡು-ಮೂರು ಸಲ ಬರಿಯೋ ಅವಕಾಶ ಇರತದ, ಇಂಥಾ ದಿನದೊಳಗ ಹೆಸರು ಹಿಂದ ತೊಗೋಬಹುದು. ಮುಂದಿನ ಸಲ ಅದನ್ನ ಬರದು ಪಾಸಾದ. ಅಜ್ಜಗ ಎರಡನೇ ಸಲ ಇಲ್ಲ.

ನನಗ ಇದಕ್ಕಿಂತ ಹೆಚ್ಚು ಚುಚ್ಚಿದ್ದು ಆಮ್ಯಾಲಿಂದು. ಈ ಡಿಸೆಂಬರ್‌ನ್ಯಾಗ ಒಂದು ದಿವಸ ಅಂವ ಎಡಗೈಲೆ ಚಾ ಕುಡೀಲಿಕ್ಕತ್ತಿದ್ದ. ಎರಡನೇ ವಾರನೂ ಎಡಗೈ. ಫೋನ್ ಕೆಳಗ ಮಾಡಪಾ, ಬಲಗೈ ತೋರಸು ಅಂದೆ. ಮೊಣಕೈ ತನಕ ಪ್ಲಾಸ್ಟರ್! ಹಿಮ ಕರಗಿ ಮತ್ತ ಹೆಪ್ಪುಗಟ್ಟಿದ ದಾರಿಮ್ಯಾಲೆ ಜಾರಿದ್ದ, ಮಣಿಕಟ್ಟು ಮುರದು ಹನ್ನೊಂದು ದಿವಸ ಆಗಿತ್ತು. ಇನ್ಶೂರೆನ್ಸ್ ಇದ್ದುದಕ್ಕ ರೊಕ್ಕದ ತ್ರಾಸ ಆಗಲಿಲ್ಲ ಅನ್ನೋದು ಬ್ಯಾರೆ. ನಾ ಕೂಗಾಡಿದೆ, ಹೆತ್ತ ತಾಯಿಗೆ ಹೇಳಬಾರದೇನು ಅಂತ. ಅಂವ ನಗತ ಅಂದ, ‘ಅಮ್ಮಾ, ನೀವು ಅಜ್ಜನ್ನ ಹತ್ತೊಂಬತ್ತು ದಿವಸ ಮುಚ್ಚಿಟ್ರಿ. ನಂದು ಬರೇ ಕೈ.’

ನಕ್ಕಿದ್ದು ಅಂವ ಒಬ್ಬನ. ಈಗ ಭಾನುವಾರ ಅಂವ ‘ಆರಾಮ ಅದೇನಿ’ ಅಂದರ ನನಗ ನಂಬಿಕಿ ಬರೂದಿಲ್ಲ, ನಾ ಅಂದರ ಅಂವಗ ಬರೂದಿಲ್ಲ. ಇಬ್ಬರೂ ಒಬ್ಬರ ಮಾರಿ ಒಬ್ಬರು ಹುಡುಕತೇವಿ.

‘ಅಲ್ಲೆ ಒಬ್ಬನ ಇರತಾನ, ಅತ್ತರ ಕಣ್ಣು ಒರಸೋರು ಯಾರು’ ಅಂತ ನಾದಿನಿ ಅವತ್ತ ಅಂದ ಮಾತಿಗೆ ಮಾತ್ರ ನನ್ನ ಕಡೆ ಇವತ್ತಿಗೂ ಪೂರಾ ಉತ್ತರ ಇಲ್ಲ. ಅದು ಖರೇ ಸಂಕಟ. ಆದರ ಒಂದು ಗಮನಿಸ್ರಿ. ನಾವು ಹೇಳಲಿಲ್ಲ ಅಂತ ಅಂವ ಅಳೂದು ತಪ್ಪಲಿಲ್ಲ, ಬಸ್‌ಸ್ಟಾಪಿನ್ಯಾಗ ಅತ್ತ. ನಾವ ಹೇಳಿದ್ದರ ಮನಿಯೊಳಗ ಅಳತಿದ್ದ, ಮಗ್ಗಲ ಖೋಲಿಯೊಳಗ ಸೊಲ್ಲಾಪುರದ ಹುಡುಗ ಇದ್ದ. ಸ್ನಾನ ಮಾಡತಿದ್ದ, ಒಂದು ದೀಪಾ ಹಚ್ಚತಿದ್ದ. ಹೇಳೂದಕ್ಕೂ ಒಂದು ರೀತಿ ಅದ. ನಮ್ಮ ಮುಂಜಾನಿ ಎಂಟಕ್ಕ ಅಲ್ಲೆ ರಾತ್ರಿ ಮೂರೂವರಿ ಆಗಿರತದ, ಅದನ್ನ ನೋಡಬೇಕು. ಮೆಸೇಜ್ ಹಾಕಬಾರದು. ಜೋಡಿ ಯಾರರೆ ಇದ್ದಾರೇನು ಅಂತ ಮೊದಲ ಕೇಳಬೇಕು. ‘ನೀ ಬರಬ್ಯಾಡ’ ಅಂತ ನಾವ ಮುಂದಾಗಿ ಅನ್ನಬಾರದು.

ನಮ್ಮ ಧಾರವಾಡಕ್ಕ ಜರ್ಮನಿ ಹೊಸಾದಲ್ಲ. ಕಿಟೆಲ್ ಸಾಹೇಬರು 1853ರಾಗ ಹಡಗ ಹತ್ತಿ ಬಂದಾಗ ಸೂಯೆಜ್ ಕಾಲುವಿನೂ ಆಗಿರಲಿಲ್ಲ, ಅದು ತಗದಿದ್ದು 1869ಕ್ಕ. ಊರಾಗ ಯಾರರೆ ಸತ್ತರ ಪತ್ರ ಮುಟ್ಟೂದರೊಳಗ ಎಷ್ಟು ಕಾಲ ಆಗತಿತ್ತೋ! ಅವರಿಗೆ ದಾರಿ ಇರಲಿಲ್ಲ. ನಾವು ಕೈಯಾಗ ಫೋನ್ ಇಟ್ಟುಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಕೂಡತೇವಿ.

ನಿನ್ನಿ ಸಂಜಿ ಎಂಟಕ್ಕ ನನ್ನ ಫೋನ್ ಬಡೀತು. ಡಬ್ಲಿನ್. ‘ಕಾಕೂ, ಅಮ್ಮ ಆರು ದಿವಸ ಆತು ವಿಡಿಯೋಕ್ಕ ಬರವಲ್ಲಳು. ಮಂತ್ರಾಲಯ ಅಂತ ಅಪ್ಪ ಅಂತಾರ. ಆರು ದಿವಸ ಮಂತ್ರಾಲಯದಾಗ ಏನ್ ಮಾಡತಾಳ?’ ದನಿಯೊಳಗ ನಡುಗು ಇತ್ತು. ಅಲ್ಲೆ ಮಧ್ಯಾಹ್ನ ಎರಡೂವರಿ. ಮನಿಯೊಳಗ ಅದೀಯೇನವ್ವಾ ಅಂತ ಕೇಳಿದೆ. ‘ಹೂಂ, ಗೆಳತಿ ಇದ್ದಾಳ ಬಾಜೂಕ’ ಅಂದಳು. ಒಂದು ನಿಮಿಷ ಹಿಡಿ ಅಂದು, ಹಂಗ ಚಪ್ಪಲಿ ಹಾಕ್ಕೊಂಡು ದಾರಿ ದಾಟಿದೆ. ವೈನಿ ದವಾಖಾನಿಯಿಂದ ಬಂದು ನಡುಮನಿ ಮಂಚದ ಮ್ಯಾಲೆ ಮಲಗಿದ್ದರು. ನಾ ಏನೂ ಹೇಳಲಿಲ್ಲ, ಫೋನ್ ಅವರ ಕೈಯಾಗ ಇಟ್ಟೆ.

ಮೊದಲ ನನ್ನ ಕಡೆ ಕೆಂಗಣ್ಣಿಲೆ ನೋಡಿದರು. ಆಮ್ಯಾಲೆ ‘ಏನಿಲ್ಲವಾ, ಸ್ವಲ್ಪ ಜಾರಿದ್ದೆ’ ಅಂದರು. ನಾ ಅಡಗಿಮನಿಗೆ ಹೋಗಿ ಚಾಕ್ಕ ನೀರಿಟ್ಟೆ. ಹೊರಗ ಅರ್ಧಾ ತಾಸು ಮಾತು ನಡದಿತ್ತು.