ಹಳೆಯ ಮೋಟಾರು: ಜೀರ್ಣೋದ್ಧಾರವೋ, ರೂಪಾಂತರವೋ?

೨೦೨೧ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನಗಳ ನಿಯಮಾವಳಿಗೆ ಒಂದು ತಿದ್ದುಪಡಿಯನ್ನು ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ ಕಾರಾಗಲಿ ಬೈಕಾಗಲಿ, ತನ್ನ ಮೂಲರೂಪದಲ್ಲಿಯೇ ಉಳಿದು, ಚಾಸಿ, ಮೈಕಟ್ಟು, ಇಂಜಿನುಗಳಲ್ಲಿ ಗಣನೀಯವಾದ ಮಾರ್ಪಾಟಿಗೆ ಒಳಗಾಗದೆ ಇದ್ದರೆ, ಅದಕ್ಕೆ ‘ವಿಂಟೇಜ್’ ಎಂಬ ಪದವಿಯುಂಟು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ, ನವೀಕರಣಕ್ಕೆ ೫,೦೦೦ ರೂಪಾಯಿ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಎರಡು ಅಕ್ಷರಗಳು. ಮೊದಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ಆದರೆ ಈ ಪದವಿಯನ್ನು ಪಡೆದ ವಾಹನ ನಿತ್ಯದ ಓಡಾಟಕ್ಕೂ ಬಾಡಿಗೆಗೂ ಸಲ್ಲದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ಅದು ಬೀದಿಗಿಳಿಯಬೇಕು.

ಸಾಹಿತ್ಯದ ಪುಟದಲ್ಲಿ ಮೋಟಾರಿನ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ಆ ನಿಯಮದ ‘ಮೂಲರೂಪ’ ಎಂಬ ಪದ. ತಾಳೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠನಿರ್ಣಯ ಮಾಡಿದವರಿಗೆ ಈ ಪದದ ಕಷ್ಟ ಗೊತ್ತು. ಲಿಪಿಕಾರ ಸೇರಿಸಿದ ಪದ್ಯವನ್ನು ಕಿತ್ತೊಗೆಯಬೇಕೆ, ನಾಲ್ಕು ಶತಮಾನ ಓದುಗರ ನಾಲಗೆಯ ಮೇಲೆ ನಲಿದುದರಿಂದ ಅದಕ್ಕೂ ಒಂದು ಹಕ್ಕು ಬಂದಿದೆಯೆ? ಕಾರಿನ ವಿಷಯದಲ್ಲಿಯೂ ಪ್ರಶ್ನೆ ಇದಕ್ಕಿಂತ ಬೇರೆಯಲ್ಲ. ಒಂದು ವ್ಯತ್ಯಾಸ ಮಾತ್ರ ಉಂಟು: ಗ್ರಂಥದ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳಬಹುದು, ಕತ್ತರಿಸಿ ಬಿಸುಟ ತಗಡಿಗೆ ಅಡಿಟಿಪ್ಪಣಿಯಿಲ್ಲ.

ನನ್ನ ಮಿತ್ರರೊಬ್ಬರ ತಂದೆ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ವೈದ್ಯರಾಗಿದ್ದರು. ೧೯೬೮ರಲ್ಲಿ ಅವರು ಕೊಂಡ ಫಿಯಟ್ ೧೧೦೦-ಡಿ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದದ್ದು; ೧೦೮೯ ಸಿ.ಸಿ.ಯ ಇಂಜಿನು, ಸ್ಟಿಯರಿಂಗಿನ ಪಕ್ಕದಲ್ಲಿ ಗೇರಿನ ಕೋಲು. ಸುತ್ತಮುತ್ತಲ ಹಳ್ಳಿಗಳಿಂದ ಹೆರಿಗೆಯ ಹೆಂಗಸರನ್ನು ಮಲಗಿಸಿಕೊಂಡು ತರಬೇಕಾಗುತ್ತಿದ್ದುದರಿಂದ, ಮುಂದಿನ ಸೀಟಿನ ಬೆನ್ನು ಪೂರ್ತಿಯಾಗಿ ಹಿಂದಕ್ಕೆ ಮಡಚುವಂತೆ ಅವರು ಊರಿನ ಕಮ್ಮಾರನಿಂದ ಎರಡು ಕಬ್ಬಿಣದ ಕೀಲುಗಳನ್ನು ಹಾಕಿಸಿದ್ದರು. ಅವರು ತೀರಿಕೊಂಡ ಮೇಲೆ ಕಾರು ಕೊಟ್ಟಿಗೆ ಸೇರಿತು. ಈಗ ನೆಲದ ತಗಡು ತುಕ್ಕು ತಿಂದು ಜರಡಿಯಾಗಿದೆ.

ಇದನ್ನು ಏನು ಮಾಡಬೇಕೆಂದು ಮನೆಯಲ್ಲಿ ಎರಡು ಪಕ್ಷಗಳಾದವು. ತಂದೆಯ ಕಾರು ಅಂಗಡಿಯಿಂದ ಬಂದ ದಿನದಂತೆಯೇ ಆಗಬೇಕು, ಅದೇ ಬಣ್ಣ, ಅದೇ ಸೀಟಿನ ಬಟ್ಟೆ ಎಂಬುದು ಮಿತ್ರರ ಹಂಬಲ. ಅವರ ಮಗ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿ ಎಂಜಿನಿಯರು. ಜಪಾನೀ ಇಂಜಿನು, ಏರ್‌ಕಂಡಿಷನ್, ಪವರ್ ಬ್ರೇಕು ಕೂಡಿಸಿ ವಾರಕ್ಕೊಮ್ಮೆ ಊರಿಗೆ ಓಡಿಸಬೇಕೆಂಬುದು ಅವನ ವಾದ. “ಮೇಷ್ಟ್ರೇ, ಅಜ್ಜ ಅದನ್ನ ನೋಡೋಕೆ ತಗೊಂಡಿರಲಿಲ್ಲ, ಓಡಿಸೋಕೆ ತಗೊಂಡಿದ್ರು” ಎಂದ. ಮಾತಿನಲ್ಲಿ ತೂಕವಿತ್ತು. ಎರಡು ತಿಂಗಳು ತಂದೆಮಕ್ಕಳಲ್ಲಿ ಸರಿಯಾಗಿ ಮಾತುಕತೆಯೇ ಇರಲಿಲ್ಲ. ಸ್ವಾರಸ್ಯವೆಂದರೆ ಇಬ್ಬರ ಯೋಜನೆಯಲ್ಲಿಯೂ ಕಮ್ಮಾರನ ಆ ಕೀಲುಗಳಿಗೆ ಸ್ಥಳವಿರಲಿಲ್ಲ. ಒಬ್ಬರಿಗೆ ಅದು ಕಾರ್ಖಾನೆಯದಲ್ಲ. ಇನ್ನೊಬ್ಬನಿಗೆ ಅದು ಹಳೆಯದು.

ಇಲ್ಲಿ ಒಂದು ದೂರದ ಪ್ರಸಂಗವನ್ನು ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ ೧೯೫೦ರಿಂದ ಕಾರುಗಳ ಸೌಂದರ್ಯಸ್ಪರ್ಧೆ ನಡೆಯುತ್ತಿದೆ. ಕನ್ನಡಿಯಂತೆ ಹೊಳೆಯುವ, ಹೊಸತಾಗಿದ್ದಾಗಲೂ ಅಷ್ಟು ಹೊಳೆದಿರದ ಗಾಡಿಗಳೇ ಅಲ್ಲಿ ದಶಕಗಳ ಕಾಲ ಅಗ್ರ ಬಹುಮಾನವನ್ನು ಕೊಂಡೊಯ್ದವು. ೨೦೨೪ರಲ್ಲಿ ಮೊಟ್ಟಮೊದಲ ಬಾರಿಗೆ, ಜೀರ್ಣೋದ್ಧಾರ ಮಾಡದೆ ಇದ್ದಂತೆಯೇ ಕಾಪಾಡಿಕೊಂಡು ಬಂದ ಕಾರೊಂದಕ್ಕೆ ಆ ಬಹುಮಾನ ದೊರೆಯಿತು. ಅದು ೧೯೩೪ರ ಬುಗಾಟಿ ಟೈಪ್ ೫೯. ಆ ವರ್ಷದ ಬೆಲ್ಜಿಯಂ ಗ್ರಾಂಪ್ರಿ ಪಂದ್ಯವನ್ನು ಗೆದ್ದ ಗಾಡಿ. ಆಗ ಅದರ ಬಣ್ಣ ನೀಲಿ. ಮುಂದೆ ಬೆಲ್ಜಿಯಂ ದೇಶದ ಮೂರನೆಯ ಲಿಯೊಪೋಲ್ಡ್ ದೊರೆ ಅದನ್ನು ಕೊಂಡು ಕಪ್ಪು ಬಳಿಸಿ, ಮೇಲೊಂದು ಹಳದಿ ಪಟ್ಟೆಯನ್ನು ಎಳೆಸಿದ. ತೀರ್ಪುಗಾರರು ಮೆಚ್ಚಿದ್ದು ಮಾಸಿ ಬಿರುಕುಬಿಟ್ಟ ಆ ಕಪ್ಪನ್ನೇ. ಕಾರ್ಖಾನೆಯ ನೀಲಿಯೇ ಮೂಲವೆಂದು ಯಾರಾದರೂ ಅದನ್ನು ಕೆರೆದಿದ್ದರೆ ಪಂದ್ಯದ ನೆನಪೊಂದು ಉಳಿದು, ದೊರೆಯ ಕಥೆ ಅಳಿದುಹೋಗುತ್ತಿತ್ತು. ಒಡೆಯನು ದೊರೆಯಾಗಿದ್ದರೆ ಮಾರ್ಪಾಟು ಇತಿಹಾಸವಾಗುತ್ತದೆ, ತಾಲ್ಲೂಕಿನ ವೈದ್ಯನಾಗಿದ್ದರೆ ದೋಷವಾಗುತ್ತದೆಯೆ? ಇದನ್ನು ನಾನು ಒಪ್ಪಲಾರೆ.

ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ೧೯೬೪ರಲ್ಲಿ ರೂಪುಗೊಂಡ ವೆನಿಸ್ ಸನ್ನದನ್ನು ಮಾದರಿಯಾಗಿಟ್ಟುಕೊಂಡು, ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಇಟಲಿಯ ಟ್ಯೂರಿನ್ ನಗರದ ಹೆಸರಿನಲ್ಲಿ ಒಂದು ಸನ್ನದನ್ನು ಮಾಡಿಕೊಂಡಿದೆ. ಬಳಕೆಯಲ್ಲಿ ಸೇರಿಕೊಂಡ ಗುರುತುಗಳೂ ವಾಹನದ ಚರಿತ್ರೆಯ ಭಾಗವೆಂಬ ಮನೋಭಾವ ಅದರ ಹಿಂದಿದೆ. ನಮ್ಮಲ್ಲಿ ಇದು ಇನ್ನೂ ಬೇರೂರಿಲ್ಲ. ಗುಡಿಯ ಜೀರ್ಣೋದ್ಧಾರವೆಂದರೆ ಹೊಯ್ಸಳರ ಕಲ್ಲಿನ ಮೇಲೆ ಎಣ್ಣೆಬಣ್ಣ ಬಳಿದು, ನೆಲಕ್ಕೆ ಗ್ರಾನೈಟು ಹಾಸಿದ್ದನ್ನು ನಾವೆಲ್ಲರೂ ಕಂಡವರೇ. ಕಾರಿಗೂ ಅದೇ ಭಕ್ತಿ, ಅದೇ ಬಣ್ಣ.

ಆದರೆ ಮೂಲರೂಪವಾದಿಗಳ ಮಾತನ್ನು ಅಕ್ಷರಶಃ ನಡೆಸುವುದು ಇಂದು ಸಾಧ್ಯವೆ? ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ ೨೦೦೦ದಲ್ಲಿಯೇ ನಿಂತುಹೋಯಿತು. ಹಲವು ಹಳೆಯ ಇಂಜಿನುಗಳ ವಾಲ್ವುಗಳು ಕೂರುವ ಜಾಗ ಆ ಸೀಸವನ್ನೇ ನಂಬಿಕೊಂಡಿತ್ತು. ಈಗ ಬಂಕಿನಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಅದು ಹಳೆಯ ರಬ್ಬರಿನ ಕೊಳವೆಗಳನ್ನೂ ಕಾರ್ಬುರೇಟರಿನ ಬಿರಡೆಗಳನ್ನೂ ಉಬ್ಬಿಸಿ ಕೆಡಿಸುತ್ತದೆ. ಸೋರಿದ ಪೆಟ್ರೋಲು ಬಿಸಿ ಇಂಜಿನಿನ ಮೇಲೆ ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಎಥನಾಲನ್ನು ತಾಳುವ ಕೊಳವೆ ಹಾಕಲೇಬೇಕು, ಸೀಟುಬೆಲ್ಟು ಬೇಕು, ಒಳ್ಳೆಯ ಟೈರು ಬೇಕು. ಜೀವರಕ್ಷಣೆಗಾಗಿ ಮಾಡಿದ, ನಾಳೆ ಬಿಚ್ಚಿ ಹಿಂದಿನಂತೆ ಜೋಡಿಸಬಹುದಾದ ಬದಲಾವಣೆಗೆ ಅಪಚಾರವೆನ್ನುವುದು ಬರಿಯ ಮಡಿವಂತಿಕೆ.

ಇಂಜಿನನ್ನೇ ಬದಲಿಸುವುದು ಬೇರೆಯ ಮಾತು. ಹೊಸ ಇಂಜಿನು ಕೂರಲು ಹಳೆಯ ತಗಡನ್ನು ಕತ್ತರಿಸಬೇಕು. ಅದರ ವೇಗಕ್ಕೆ ತಕ್ಕ ಬ್ರೇಕು ಬೇಕು. ಬ್ರೇಕಿಗೆ ತಕ್ಕ ಚಕ್ರ ಬೇಕು. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಕೊನೆಗೆ ಉಳಿಯುವುದು ಫಿಯಟ್ಟಿನ ಮುಖವಾಡ. ಕಾನೂನೂ ಅಡ್ಡವಿದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು, ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮನ್ನು ಆಧರಿಸಿ, ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ವಿದ್ಯುತ್ ಮೋಟಾರು ಕೂಡಿಸುವುದಕ್ಕೆ ಮಂಜೂರಾತಿಯ ಬೇರೆ ದಾರಿಯುಂಟು. ಆದರೆ ಹಾಗೆ ಮಾಡಿದ ಗಾಡಿ ಐತಿಹಾಸಿಕ ವಾಹನವಲ್ಲವೆಂದು ಫಿವಾ ಒಕ್ಕೂಟ ಸಾರಿದೆ. ಇಂಗ್ಲೆಂಡಿನ ಆಸ್ಟನ್ ಮಾರ್ಟಿನ್ ಕಂಪೆನಿ ೨೦೧೮ರಲ್ಲಿ ತೋರಿಸಿದ ಉಪಾಯ ಜಾಣತನದ್ದು: ವಿದ್ಯುತ್ ಯಂತ್ರವನ್ನೆಲ್ಲ ಒಂದು ಪೆಟ್ಟಿಗೆಯಾಗಿ, ಹಳೆಯ ಇಂಜಿನು ಕೂರುವ ಜಾಗದಲ್ಲಿಯೇ ಕೂರಿಸಿ, ಬೇಕೆಂದಾಗ ತೆಗೆಯುವಂತೆ ಮಾಡಿದರು. ನನಗೆ ಒಪ್ಪಿಗೆಯಾದ ರೂಪಾಂತರ ಇಂಥದು.

ಮಿತ್ರರಿಗೆ ನಾನು ಹೇಳಿದ್ದು ಇಷ್ಟೇ: ತುಕ್ಕನ್ನು ತೆಗೆಸಿ, ಹಳೆಯ ಇಂಜಿನನ್ನೇ ಬಿಚ್ಚಿ ಸರಿಪಡಿಸಿ, ಬ್ರೇಕಿನ ಕೊಳವೆ ಹೊಸದು ಹಾಕಿಸಿ, ಕೀಲುಗಳನ್ನು ಮುಟ್ಟಬೇಡಿ. ಸೀಟಿನ ಕೀಲು ಚಾಸಿಯೂ ಅಲ್ಲ, ಮೈಕಟ್ಟೂ ಅಲ್ಲ, ಇಂಜಿನೂ ಅಲ್ಲ. ೨೦೨೧ರ ನಿಯಮಕ್ಕೆ ಅದರಿಂದ ಭಂಗವಿಲ್ಲ. ಮಗ ಏರ್‌ಕಂಡಿಷನ್ನಿನ ಆಸೆಯನ್ನು ಬಿಟ್ಟ, ಸಂತೋಷದಿಂದಲ್ಲ. ವಿಂಟೇಜ್ ಪದವಿಗೆ ಅರ್ಜಿ ಹಾಕುವುದನ್ನು ತಂದೆ ಬಿಟ್ಟರು, ಏಕೆಂದರೆ ಅದು ಬಂದರೆ ಮಗ ವಾರವಾರ ಊರಿಗೆ ಓಡಿಸುವಂತಿಲ್ಲ. ಬಿಡಿಭಾಗಗಳಿಗಾಗಿ ಈಗ ಇಬ್ಬರೂ ಒಟ್ಟಾಗಿ ಶಿವಾಜಿನಗರದ ಗುಜರಿಯನ್ನೂ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಸುತ್ತುತ್ತಿದ್ದಾರೆ.

ನನ್ನ ಚಿಂತೆ ಇರುವುದು ಅರಮನೆಗಳ ರೋಲ್ಸ್‌ರಾಯ್ಸುಗಳ ಬಗೆಗಲ್ಲ. ಅವಕ್ಕೆ ಆಶ್ರಯದಾತರು ಎಂದೂ ಇದ್ದಾರೆ. ಮುಂಬಯಿಯ ಬೀದಿಗಳಲ್ಲಿ ಸಾವಿರಗಟ್ಟಲೆ ಓಡಿದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ೨೦೨೩ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾಯಿತು. ಎಲ್ಲೆಲ್ಲಿಯೂ ಇದ್ದ ವಸ್ತುವನ್ನು ಯಾರೂ ಕಾಪಾಡುವುದಿಲ್ಲ. ಐವತ್ತು ವರ್ಷದ ಗೆರೆಯನ್ನು ಎಳೆದ ನಿಯಮ, ಆ ಗೆರೆಯನ್ನು ಮುಟ್ಟುವವರೆಗೆ ಗಾಡಿ ಬದುಕುವುದು ಹೇಗೆಂದು ಯೋಚಿಸಿದಂತಿಲ್ಲ. ಹದಿನೈದು ತುಂಬಿದ ಖಾಸಗಿ ಕಾರು ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು; ೨೦೨೧ರಲ್ಲಿಯೇ ಬಂದ ಗುಜರಿ ನೀತಿ ಹಳೆಯದನ್ನು ಮುರಿಯಲು ಕೊಟ್ಟವರಿಗೆ ರಿಯಾಯಿತಿಯನ್ನು ತೋರಿಸಿ ಕರೆಯುತ್ತಿದೆ. ೧೯೮೩ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮೊದಲ ಮಾರುತಿ ೮೦೦ ಕಾರುಗಳಿಗೆ ಐವತ್ತು ತುಂಬುವುದು ೨೦೩೩ರಲ್ಲಿ. ಅಲ್ಲಿಯವರೆಗೆ ಅವು ಕಾನೂನಿನ ಕಣ್ಣಿಗೆ ಬರಿಯ ಹಳೆಯ ಗಾಡಿಗಳು.