ಹತ್ತೇ ನಿಮಿಷ ನಡೆಯೋಣ



ಅಲ್ ಗುಬ್ರಾದ ಕಡಲತೀರದಲ್ಲಿ ಜನವರಿಯಲ್ಲಿ ವಾಕಿಂಗ್ ಹೊರಟ ನಮ್ಮವರ ಸಾಲೇ ಇರುತ್ತದೆ; ಜೂನಿನಲ್ಲಿ ಹುಡುಕಿದರೂ ಸಿಗರು. ಬಿಸಿಲು 45 ಡಿಗ್ರಿ ಮುಟ್ಟಿದಾಗ ಅದು ತಪ್ಪೂ ಅಲ್ಲ ಬಿಡಿ. ಆದರೆ ದಿನಕ್ಕೊಂದು ಗಂಟೆ ನಡೆಯುತ್ತೇನೆಂಬ ಆರಂಭಶೂರತ್ವವೇ ನಮಗೆ ಮುಳುವು ಎಂದು ನನ್ನ ಅನಿಸಿಕೆ. ಪರದೇಶದಲ್ಲಿ ದುಡಿಯುವವರ ಆರೋಗ್ಯ ಕೆಟ್ಟರೆ ಕೆಲಸ, ಮಕ್ಕಳ ಓದು ಎಲ್ಲವೂ ಅಲುಗಾಡುತ್ತವೆ.

ರಾತ್ರಿ ಊಟವಾದ ಮೇಲೆ ಹತ್ತೇ ನಿಮಿಷ ನಡೆಯಿರಿ, ಸೆಕೆಯಾದರೆ ಕಟ್ಟಡದ ಕಾರಿಡಾರಿನಲ್ಲೇ ಆಗಲಿ. ಊಟದ ಜೊತೆ ಗಂಟು ಹಾಕಿದ್ದು ಮರೆತುಹೋಗುವುದಿಲ್ಲ. ಅನ್ನ ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಏರುವುದೂ ತಗ್ಗುತ್ತದೆ.

ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸ ಅಭ್ಯಾಸ ಮೈಗೂಡಲು ಸಾಮಾನ್ಯವಾಗಿ 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ ಅಂದಾಜು 254. ಜನ ಹೇಳುವ 21 ದಿನಕ್ಕಿಂತ ನಮ್ಮ ಹಿರಿಯರ 48 ದಿನಗಳ ಮಂಡಲವೇ ಇದಕ್ಕೆ ಹತ್ತಿರ! ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸಕ್ಕೆ ಹೆಚ್ಚೇನೂ ಧಕ್ಕೆಯಾಗಲಿಲ್ಲವಂತೆ.

ನಮ್ಮಲ್ಲೋ, ಒಂದು ಶುಕ್ರವಾರ ಬಿರಿಯಾನಿ ಉಂಡು ಮಲಗಿದರೆ ವ್ರತಭಂಗವಾಯಿತೆಂದು ಶೂಗಳು ಕಪಾಟು ಸೇರುತ್ತವೆ. ಮರುದಿನ ಶನಿವಾರವೂ ರಜೆಯೇ ಅಲ್ಲವೇ? ಊಟ ಮುಗಿಸಿ ಮಕ್ಕಳನ್ನೂ ಕರೆದುಕೊಂಡು ಹೊರಡಿ.