ತಾರಾಲಯದ ಬಸ್ಸಿನಲ್ಲಿ ನಮಗೂ ಒಂದು ಸೀಟು

ಕಳೆದ ತಿಂಗಳು ನೋಟಿಸ್ ಬೋರ್ಡಿನಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೆ ಒಂದು ದಿನದ ಪ್ರವಾಸ ಎಂದು ಹಾಕಿದ್ದರು. ಓಡಿ ಹೋಗಿ ಓದಿದೆ. ಕೊನೆಯ ಸಾಲಿನಲ್ಲಿ "ವಿಜ್ಞಾನ ವಿಭಾಗದವರಿಗೆ ಮಾತ್ರ" ಎಂದಿತ್ತು. ಪಕ್ಕದಲ್ಲಿದ್ದ ಗೆಳತಿ, "ನಿಂಗ್ಯಾಕೆ ತಾರಾಲಯ? ನಿಂದು ಡೆಬಿಟ್ಟು, ಕ್ರೆಡಿಟ್ಟು ಅಲ್ವಾ" ಅಂತ ನಕ್ಕಳು. ನಾನೂ ನಕ್ಕೆ. ಆಮೇಲೆ ಇಡೀ ದಿನ ಯಾವ ಪಾಠವೂ ತಲೆಗೆ ಹೋಗಲಿಲ್ಲ.

ನನಗೆ ಆಕಾಶದ ಹುಚ್ಚು ಹಿಡಿದದ್ದು ವಿಜ್ಞಾನದ ಪುಸ್ತಕದಿಂದಲ್ಲ. ಚಿಕ್ಕವಳಿದ್ದಾಗ ಕುಣಿಗಲ್‌ನ ನಾನಿ ಮನೆಯ ತಾರಸಿ ಮೇಲೆ ಎಲ್ಲರೂ ಈದ್ ಚಾಂದ್ ಹುಡುಕುತ್ತಿದ್ದೆವು. ನನಗೆ ಚಂದ್ರ ಕಾಣಲಿಲ್ಲ, ಅದಕ್ಕಿಂತ ಮೊದಲು ಒಂದು ದೊಡ್ಡ ಹೊಳೆಯುವ ಚುಕ್ಕಿ ಕಂಡಿತು. ಮಾಮೂ ಅದು ನಕ್ಷತ್ರವಲ್ಲ, ಶುಕ್ರ ಗ್ರಹ ಎಂದರು. ಅಂದಿನಿಂದ ಶುರುವಾದದ್ದು ಇನ್ನೂ ನಿಂತಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೆಲ್ಲ ರಾಕೆಟ್. 'ಇಂಟರ್‌ಸ್ಟೆಲ್ಲರ್' ಸಿನಿಮಾವನ್ನು ಅಬ್ಬಾ ಅವರ ಫೋನಿನಲ್ಲಿ ಏಳು ಸಲ ನೋಡಿದ್ದೇನೆ. ಸ್ಟಾರ್ ವಾರ್ಸ್ ಮೇಲೋ, ಸ್ಟಾರ್ ಟ್ರೆಕ್ ಮೇಲೋ ಎಂದು ತಮ್ಮನ ಜೊತೆ ಜಗಳವಾಡಿ ಅಮ್ಮಿಯಿಂದ ಬೈಸಿಕೊಂಡಿದ್ದೇನೆ. ಉರ್ದುವಿನಲ್ಲಿ ಬಾಹ್ಯಾಕಾಶಕ್ಕೆ ಖಲಾ ಎನ್ನುತ್ತಾರೆ. "ನಾನು ಖಲಾ ಬಗ್ಗೆ ಓದ್ತಿದ್ದೀನಿ" ಅಂದರೆ ದಾದಿ ಈಗಲೂ "ಯಾವ ಖಾಲಾ?" ಎಂದು ಕೇಳುತ್ತಾರೆ.

ದಾದಾ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಫಜರ್ ನಮಾಜ್ ಆದ ಮೇಲೆ ವಾಚಿಗೆ ಕೀ ಕೊಡುವುದನ್ನು ಇಂದಿಗೂ ಬಿಟ್ಟಿಲ್ಲ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಇಲ್ಲಿನ ಜಾಗ ಆಮೇಲೆ ಇಸ್ರೋಗೆ ಹೋಯಿತು. ಆ ಕಡೆ ಹೋದಾಗಲೆಲ್ಲ ದಾದಾ ಗೇಟನ್ನು ನೋಡಿ ಸುಮ್ಮನಾಗುತ್ತಾರೆ. ನನಗೆ ಮಾತ್ರ ಒಳಗೊಳಗೇ ಖುಷಿ. ಅದನ್ನು ಅವರ ಮುಂದೆ ತೋರಿಸುವುದಿಲ್ಲ.

ಹಾಗಾದರೆ ವಿಜ್ಞಾನ ಯಾಕೆ ತಗೊಳ್ಳಲಿಲ್ಲ ಎಂದು ಕೇಳುತ್ತೀರಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 58 ಬಂತು. ಕೋಚಿಂಗ್‌ಗೆ ದುಡ್ಡು ಹೊಂದಿಸುವ ಸ್ಥಿತಿಯಲ್ಲಿ ಮನೆಯವರು ಇರಲಿಲ್ಲ. ಸ್ವಲ್ಪ ಅತ್ತೆ, ಸುಳ್ಳು ಹೇಳುವುದಿಲ್ಲ. ಈಗ ಅಕೌಂಟೆನ್ಸಿ ಇಷ್ಟವಾಗಿದೆ. 'ದಿ ಮಾರ್ಷಿಯನ್' ಸಿನಿಮಾ ನೋಡಿದವರು ನೆನಪಿಸಿಕೊಳ್ಳಿ. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದುಬಿಟ್ಟವನು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಉಳಿದಿರುವ ಊಟ ಎಷ್ಟು, ಎಷ್ಟು ದಿನಕ್ಕೆ ಬರುತ್ತದೆ ಎಂದು ಎಣಿಸುವುದು. ಅದು ನಮ್ಮ ಸ್ಟಾಕ್ ರಿಜಿಸ್ಟರ್ ಅಲ್ಲದೆ ಇನ್ನೇನು?

ಸಿನಿಮಾ ಬಿಡಿ. ಚಂದ್ರಯಾನ-3ಕ್ಕೆ ಸುಮಾರು 615 ಕೋಟಿ ರೂಪಾಯಿ ಖರ್ಚಾಯಿತು. ಒಂದೊಂದು ರೂಪಾಯಿಗೂ ಯಾರೋ ಲೆಕ್ಕ ಬರೆದಿದ್ದಾರೆ ತಾನೆ? ಒನ್‌ವೆಬ್ ಎಂಬ ವಿದೇಶಿ ಕಂಪನಿಯ 72 ಉಪಗ್ರಹಗಳನ್ನು ನಮ್ಮ ಎಲ್‌ವಿಎಂ-3 ರಾಕೆಟ್ 2022 ಮತ್ತು 2023ರಲ್ಲಿ ಎರಡು ಸಲಕ್ಕೆ ಹೊತ್ತೊಯ್ದಿತು. ಅದು ಪಕ್ಕಾ ವ್ಯಾಪಾರ. ಇಸ್ರೋದ ಇಂಥ ವ್ಯಾಪಾರ ನೋಡಿಕೊಳ್ಳಲೆಂದೇ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿ 2019ರಿಂದ ಇದೆ. ಅದೇ ವರ್ಷ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್, ಇನ್ನೂ ಕಾಲೇಜಿನಲ್ಲಿದ್ದಾಗಲೇ, ಗೆಳೆಯನ ಜೊತೆ ಸೇರಿ ಪಿಕ್ಸೆಲ್ ಕಂಪನಿ ಶುರುಮಾಡಿದರು. ಇವತ್ತು ಅವರ ಉಪಗ್ರಹಗಳು ಮೇಲೆ ಸುತ್ತುತ್ತಿವೆ, ಗೂಗಲ್ ಕೂಡ ದುಡ್ಡು ಹಾಕಿದೆ. ಅವರು ಕಾಮರ್ಸ್‌ನವರಲ್ಲ, ನಿಜ. ಆದರೆ ದುಡ್ಡು ಹಾಕುವವರಿಗೆ ತೋರಿಸುವ ಬ್ಯಾಲೆನ್ಸ್ ಶೀಟನ್ನು ಉಪಗ್ರಹವೇ ಬರೆಯುವುದಿಲ್ಲ. ಅಷ್ಟು ದೂರ ಯಾಕೆ, ಗುಬ್ಬಿಯಿಂದ ಬರುವ ನಮ್ಮ ಕ್ಲಾಸಿನವರಿಗೆ ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಗೊತ್ತು. ಅಂಥ ಕಡೆ ಸ್ಟೋರ್ಸ್, ಖರೀದಿ, ಸಂಬಳದ ಲೆಕ್ಕಕ್ಕೆ ಬಿಕಾಂ ಮಾಡಿದವರೇ ಬೇಕು.

ಇಷ್ಟೆಲ್ಲ ಹೇಳಿದರೂ ನಿಜವಾದ ಕಾರಣ ಕೆಲಸವಲ್ಲ. ಕೆಲಸ ಸಿಗುತ್ತದೆ ಅಂದರೆ ಮಾತ್ರ ಆಕಾಶ ನೋಡಬಹುದು ಅನ್ನುವುದೂ ತಪ್ಪೇ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಅದು ನಮ್ಮ ಮನೆ ಮೇಲೆ ಹಾದುಹೋಗುವ ಸಮಯ ನೋಡಿಕೊಂಡು ಎಲ್ಲರನ್ನೂ ತಾರಸಿಗೆ ಹತ್ತಿಸಿದೆ. ಮಿನುಗದ ಒಂದು ಚುಕ್ಕಿ ಸದ್ದಿಲ್ಲದೆ ಬಂದು ಕೆಲವೇ ನಿಮಿಷದಲ್ಲಿ ದಾಟಿಹೋಯಿತು. ಗಂಟೆಗೆ ಸುಮಾರು 28,000 ಕಿ.ಮೀ. ವೇಗ, ಎತ್ತರ ಸುಮಾರು 400 ಕಿ.ಮೀ. ತಲೆ ಮೇಲಿದ್ದಾಗ ಅದು ನಮಗೆ ಬೀದರ್‌ಗಿಂತ ಹತ್ತಿರ! ಮಂಡಿ ನೋವಿನ ದಾದಿಯೂ ಮೆಟ್ಟಿಲು ಹತ್ತಿ ಬಂದಿದ್ದರು. "ಅದರೊಳಗೆ ನಮ್ಮ ಹುಡುಗ ಇದ್ದಾನಾ?" ಎಂದು ಕೇಳಿ ದುವಾ ಮಾಡಿದರು. ದಾದಿ ಓದಿದ್ದು ಮೂರನೇ ಕ್ಲಾಸು.

ಬಸ್ಸಿನಲ್ಲಿ ಸೀಟು ಕಡಿಮೆ, ಸಿಲಬಸ್ಸಿಗೆ ಸಂಬಂಧಪಟ್ಟವರಿಗೆ ಮೊದಲು ಅವಕಾಶ ಎಂದು ಸರ್ ವಿವರಿಸಿದರು. ಒಪ್ಪುತ್ತೇನೆ. ಆದರೆ ಐವತ್ತು ಸೀಟಿನಲ್ಲಿ ಹತ್ತನ್ನು ಕಾಮರ್ಸ್ ಮತ್ತು ಆರ್ಟ್ಸ್‌ನವರಿಗೆ ಚೀಟಿ ಎತ್ತಿ ಕೊಡಬಹುದಲ್ಲವೇ? ಸೈನ್ಸ್ ಕ್ಲಬ್ಬಿನ ಸದಸ್ಯತ್ವವನ್ನೂ ಎಲ್ಲರಿಗೂ ತೆರೆಯಲಿ. ಕ್ಲಬ್ಬಿನ ಖರ್ಚುವೆಚ್ಚದ ಪುಸ್ತಕ ಬರೆಯಲು ನಾನು ತಯಾರಿದ್ದೇನೆ. ಮುಂದಿನ ರಮ್ಜಾನ್ ಚಾಂದ್ ನೋಡುವ ಸಂಜೆ ಕಾಲೇಜಿನ ತಾರಸಿ ಬಾಗಿಲು ತೆಗೆಸಿದರೆ ಅದಕ್ಕೆ ಬಸ್ಸಿನ ಖರ್ಚೂ ಇಲ್ಲ.

ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಪೀಣ್ಯ ಬರುತ್ತದೆ. 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಯು. ಆರ್. ರಾವ್ ಅವರ ತಂಡ ಅಲ್ಲಿನ ಶೆಡ್ಡುಗಳಲ್ಲೇ ತಯಾರಿಸಿತು. ಮುಂದಿನ ಪ್ರವಾಸದಲ್ಲಿ ಕಿಟಕಿ ಪಕ್ಕ ಕೂತವರು ಪೀಣ್ಯ ಬಂದಾಗ ನಿದ್ದೆ ಮಾಡಬೇಡಿ. ನನಗೆ ಕೊನೆಯ ಸಾಲಿನ ನಡುವಿನ ಸೀಟಾದರೂ ಸಾಕು, ಟಿಕೆಟ್ ದುಡ್ಡು ಈಗಲೇ ಎತ್ತಿಟ್ಟಿದ್ದೇನೆ.